ಬೆಳ್ಳಗೆ ಮಾಡುವ ಮೇಷ್ಟ್ರು

ಕಂಪ್ಯೂಟರ್ ಕ್ಲಾಸುಗಳೇ ತುಂಬಿದ್ದ ಅಮೀರ್‌ಪೇಟೆಯ ಮೂರನೇ ಮಹಡಿಯೊಂದರಲ್ಲಿ ನಮಗೆ ಫೋಟೊ ಎಡಿಟಿಂಗ್ ಕಲಿಸುತ್ತಿದ್ದ ಮೇಷ್ಟ್ರು ಕೊಪ್ಪಳದ ಕಡೆಯವರು. ಊರಿಗೆ ಊರೇ ಸಾಫ್ಟ್‌ವೇರ್ ಕೆಲಸಕ್ಕೆ ನುಗ್ಗುತ್ತಿದ್ದ ಕಾಲ. ಕೋಡಿಂಗ್ ತಲೆಗೆ ಹತ್ತದವರು ಅವರ ಕ್ಲಾಸಿಗೆ ಬರುತ್ತಿದ್ದೆವು. ಬಣ್ಣ ತಿದ್ದಲು ಕಂಪ್ಯೂಟರಿನಲ್ಲಿ ಹತ್ತಾರು ಸಾಧನಗಳಿದ್ದರೂ ಅವರ ಮೌಸು ಹೋಗುತ್ತಿದ್ದದ್ದು ಬ್ರೈಟ್‌ನೆಸ್ ಒಂದಕ್ಕೇ. ಎಡಗೈಯಲ್ಲಿ ಮೀಸೆ ಸವರುತ್ತ, ಬಲಗೈಯಲ್ಲಿ ಅದನ್ನು ಏರಿಸುತ್ತ, "ಇನ್ನೊಂದೀಟು ಬೆಳ್ಳಗ ಮಾಡ್ರಿ, ಭಾಳ ಛಲೋ ಕಾಣತೈತಿ" ಅನ್ನುತ್ತಿದ್ದರು. ಅವರ ಕೈಗೆ ಸಿಕ್ಕ ಮದುಮಗಳು, ಕೂಸು, ಎಮ್ಮೆ ಎಲ್ಲವೂ ಸುಣ್ಣ ಬಳಿದುಕೊಂಡೇ ಹೊರಬರುತ್ತಿದ್ದವು.

ಒಂದು ದಿನ ರಾಯಚೂರಿನ ಸಹಪಾಠಿಯೊಬ್ಬಳ ಫೋಟೊ ಪರದೆಗೆ ಬಂತು. ಅವಳ ಕಪ್ಪು ಮುಖವನ್ನು ಅವರು ಕ್ಷಣದಲ್ಲಿ ಹಾಲಿನ ಬಣ್ಣಕ್ಕೆ ತಂದರು.

"ನೋಡವಾ, ಇನ್ನ ವರ ತಾನ ಹುಡಿಕ್ಕೊಂಡು ಬರತಾನ."

ಎಲ್ಲರೂ ನಕ್ಕರು. ನಾನೂ ನಕ್ಕೆ.

ಅವಳು ಎದ್ದು ಬಂದು ಮೌಸು ಹಿಡಿದಳು. "ನನ್ನ ಮುಖ ಸರಿ ಐತ್ರಿ ಸರ್. ಬಲ್ಬಿನ ಬೆಳಕಿಗೆ ಹಿಂದಿನ ಬಿಳಿ ಗೋಡಿ ಹಳದಿ ಆಗೈತಿ. ತಿದ್ದಬೇಕಾದ್ದು ಅದನ್ನ."

ಅವರು ಮಾಡಿದ್ದನ್ನು ಅಳಿಸಿ, ಪರದೆಯ ಮೂಲೆಯಲ್ಲಿ ಯಾರೂ ಮುಟ್ಟದೆ ಬಿದ್ದಿದ್ದ, ಬಿಳಿ ಯಾವುದೆಂದು ತೋರಿಸಿದರೆ ಉಳಿದ ಬಣ್ಣಗಳನ್ನು ತಾನೇ ಸರಿಮಾಡುವ ಡ್ರಾಪರ್ ಆರಿಸಿ, ಗೋಡೆಯ ಮೇಲೆ ಒಮ್ಮೆ ಒತ್ತಿದಳು. ಹಳದಿ ಹೋಯಿತು. ಗೋಡೆ ಬಿಳಿಯಾಯಿತು, ಅವಳ ಮುಖಕ್ಕೆ ಅವಳದೇ ಬಣ್ಣ ಬಂತು.

ಮೇಷ್ಟ್ರು ಕೆಮ್ಮಿದರು. "ಅದು ನಾಳಿನ ಪಾಠದಾಗ ಐತಿ, ಕೂಡ್ರು."

ಮರುದಿನ ನಿಜವಾಗಿಯೂ ಅದನ್ನೇ ಕಲಿಸಿದರು. ಡ್ರಾಪರ್ ಎಲ್ಲಿ ಒತ್ತಬೇಕೆಂದು ಅವಳಿಗೇ ಎರಡು ಸಲ ತಿದ್ದಿ ಹೇಳಿದರು.