ಫ್ರೀವೀಲ್ ಮುಂದಿರಲೋ ಹಿಂದಿರಲೋ, ಚಾಂದಬೀ ಹೇಳಲಿ

ಭಾನುವಾರ ಬೆಳಗಿನ ಐದೂಮುಕ್ಕಾಲು. ಕುರುಗೋಡಿನ ಬೆಟ್ಟದ ಬುಡದಲ್ಲಿ ಬಂಡೆಗಳು ಇನ್ನೂ ತಣ್ಣಗಿವೆ. ಚಪ್ಪಟೆ ಕಲ್ಲೊಂದರ ಮೇಲೆ ಗೋಣಿಚೀಲ ಹಾಸಿ ಕುಳಿತಿರುವ ಚಾಂದಬೀ, ತಲೆಕೆಳಗಾಗಿ ನಿಲ್ಲಿಸಿದ ಸೈಕಲ್ಲಿನ ಪೆಡಲ್ ಬುಡಕ್ಕೆ ಕಿವಿ ಕೊಟ್ಟಿದ್ದಾರೆ. ಪೆಡಲನ್ನು ಹಿಂದಕ್ಕೆ ತಿರುಗಿಸಿದಾಗಲೆಲ್ಲ ಒಳಗಿನಿಂದ ಟಿಕಿಟಿಕಿ ಸದ್ದು ಬರುತ್ತದೆ. ಏನೋ ಕೇಳೋಣವೆಂದು ನಾನು ಬಾಯಿ ತೆರೆದರೆ ಅವರು ಕೈಯೆತ್ತಿ ತಡೆಯುತ್ತಾರೆ.

"ಸ್ವಲ್ಪ ಸುಮ್ನಿರ್ರಿ ಸರ. ಇದು ಏನೋ ಹೇಳಾಕತ್ತೈತಿ."

ಸಂದರ್ಶನಕ್ಕೆ ಬಂದವನನ್ನು ಸುಮ್ಮನೆ ಕೂರಿಸಿ ಸೈಕಲ್ಲಿನ ಸಂದರ್ಶನ ಮಾಡುವವರನ್ನು ನಾನು ನೋಡುತ್ತಿರುವುದು ಇದೇ ಮೊದಲು. ಕುಳಿತೆ.

ಈ ಸೈಕಲ್ಲಿಗೆ ಸೀಟಿಲ್ಲ. ಯಾರೂ ಕದ್ದಿಲ್ಲ, ಮೊದಲಿನಿಂದಲೂ ಇಲ್ಲ. ಇದು ಟ್ರಯಲ್ಸ್ ಸೈಕಲ್. ಕಾಲನ್ನು ನೆಲಕ್ಕೆ ತಾಗಿಸದೆ ಬಂಡೆಯಿಂದ ಬಂಡೆಗೆ ಹಾರಿಸುವ ಆಟದ್ದು. ಪೂರ್ತಿ ನಿಂತೇ ಆಡುವ ಆಟಕ್ಕೆ ಸೀಟು ಯಾಕೆ? ಆದರೂ ಬಸ್ ನಿಲ್ದಾಣದ ಬಳಿ ಚಹಾ ಮಾರುವ ಎರ್ರಣ್ಣ ವಾರಕ್ಕೊಮ್ಮೆಯಾದರೂ "ಸೀಟು ಸಿಕ್ತೇನವಾ?" ಎಂದು ಕಾಳಜಿಯಿಂದ ವಿಚಾರಿಸುತ್ತಾರಂತೆ. ಕುರುಗೋಡಿನ ಏಳೆಂಟು ಮಂದಿಗೆ ಈ ಆಟದ ಹುಚ್ಚು ಹಚ್ಚಿದವರು ಬಳ್ಳಾರಿಯ ಜೀನ್ಸ್ ಕಾರ್ಖಾನೆಯೊಂದರಲ್ಲಿ ಬಟ್ಟೆ ಕತ್ತರಿಸುವ ಹುಲುಗೇಶ್. ಅವರೆಲ್ಲರ ಸೈಕಲ್ಲುಗಳನ್ನು ಬಿಚ್ಚಿ, ಕಟ್ಟಿ, ಬಂಡೆ ಹತ್ತುವ ಹಾಗೆ ಮಾಡುವವರು ಐವತ್ತೆರಡರ ಚಾಂದಬೀ. ಆಡುವವರ ಫೋಟೊ ಊರಲ್ಲೆಲ್ಲ ಓಡಾಡುತ್ತದೆ. ಇವರ ಫೋಟೊ ಕೇಳಿದರೆ ಆಧಾರ್ ಕಾರ್ಡ್ ತೆಗೆದು ತೋರಿಸುತ್ತಾರೆ.

ಅವರ ತವರು ಸಿರುಗುಪ್ಪ. ತಂದೆ ಸಲಾವುದ್ದೀನ್ ಅಲ್ಲಿ ಸೈಕಲ್ ಅಂಗಡಿ ಇಟ್ಟಿದ್ದರು. ಹತ್ತನೇ ವಯಸ್ಸಿಗೇ ಮಗಳ ಕೈಗೆ ನಟ್ಟು ಬಿಚ್ಚುವ ಪಾನಾ ಬಂತು.

"ಹೆಣ್ಮಗಳು ಪಾನಾ ಹಿಡಿದ್ರ ಜನ ಏನಂತಾರ ಅಂತ ನಮ್ಮ ಅಮ್ಮಿ ಬೈತಿದ್ಲು. ಅಬ್ಬಾ ಅಂದ, ಪಂಚರ್ ಆದವ್ರು ಏನೂ ಅನ್ನಂಗಿಲ್ಲ ಬಿಡು ಅಂತ."

ಮದುವೆಯಾಗಿ ಕುರುಗೋಡಿಗೆ ಬಂದು ತಗಡಿನ ಚಪ್ಪರದಡಿ ತಮ್ಮದೇ ಅಂಗಡಿ ತೆರೆದಾಗ ಮಾತ್ರ ಪಂಚರ್ ಆದವರೂ ಅನುಮಾನಿಸಿದರು. ಮೇಸ್ತ್ರಿ ಬರಲಿ, ಆಮೇಲೆ ಬರುತ್ತೇವೆ ಎಂದು ಸೈಕಲ್ ತಳ್ಳಿಕೊಂಡು ಹೋಗುತ್ತಿದ್ದರು. ಅದಕ್ಕೆ ಚಾಂದಬೀ ಕಂಡುಕೊಂಡ ಉಪಾಯ ಗಂಡ ಅಮೀರಸಾಬ್. ಆಟೊ ಓಡಿಸುವ ಅಮೀರಸಾಬರಿಗೆ ನಟ್ಟು ಯಾವುದು, ಬೋಲ್ಟು ಯಾವುದು ಎಂಬುದು ಇವತ್ತಿಗೂ ಸ್ಪಷ್ಟವಿಲ್ಲ. ಅವರನ್ನು ಬೆಳಿಗ್ಗೆ ಎರಡು ತಾಸು ಅಂಗಡಿ ಮುಂದೆ ಕೂರಿಸಿದರು. ಅವರು ಗಂಭೀರವಾಗಿ ಸೈಕಲ್ ಇಸಿದುಕೊಂಡು ಒಳಗೆ ಕೊಡುವುದು, ಇವರು ರಿಪೇರಿ ಮಾಡಿ ಹೊರಗೆ ಕೊಡುವುದು. "ಆರು ತಿಂಗಳು ನಾನ ದೊಡ್ಡ ಮೇಸ್ತ್ರಿ ಆಗಿದ್ದೆ. ನಮಸ್ಕಾರ ಎಲ್ಲ ನನಗ ಬರ್ತಿದ್ವು" ಎಂದು ಅಮೀರಸಾಬ್ ಈಗಲೂ ಮೀಸೆ ಮುಟ್ಟಿಕೊಂಡು ನಗುತ್ತಾರೆ.

ಇದಾಗಿ ಇಪ್ಪತ್ತೆರಡು ವರ್ಷ. ಬೆಳಿಗ್ಗೆ ಏಳಕ್ಕೆ ಬಾಗಿಲು ತೆಗೆದರೆ ದಿನಕ್ಕೆ ಹದಿನೈದರ ಸುಮಾರು ಪಂಚರ್, ಹೆಚ್ಚಿನವು ಮೋಟರ್ ಬೈಕಿನವು. ಸೈಕಲ್ಲು ನಾಲ್ಕೋ ಐದೋ. ಫ್ರೀವೀಲ್ ಬಿಚ್ಚುವ ಕೆಲಸ ವಾರಕ್ಕೆ ಎರಡು ಸಿಕ್ಕರೆ ಹೆಚ್ಚು. ಆದರೆ ಅವರ ಪ್ರಾಣವೆಲ್ಲ ಅದರಲ್ಲೇ ಇದೆ. ತುಳಿದಾಗ ಗಾಲಿಯನ್ನು ಹಿಡಿದು, ತುಳಿಯದಾಗ ಬಿಟ್ಟುಬಿಡುವ ಆ ಹಲ್ಲಿನ ಬಿಲ್ಲೆಯೊಳಗೆ ಸಣ್ಣ ಕೊಕ್ಕೆಗಳಿರುತ್ತವೆ. ಅವನ್ನು ಅಬ್ಬಾ ಇಟ್ಟ ಹೆಸರಿನಿಂದಲೇ ಇವರೂ ಕರೆಯುತ್ತಾರೆ, ಕುತ್ತಾ, ಅಂದರೆ ನಾಯಿ. ಹೋಗುವವರನ್ನು ಕಚ್ಚಿ ಹಿಡಿಯುತ್ತವಲ್ಲ, ಅದಕ್ಕೆ.

ಟ್ರಯಲ್ಸ್ ಸೈಕಲ್ಲಿನ ದೊಡ್ಡ ತಕರಾರು ಈ ಫ್ರೀವೀಲ್ ಎಲ್ಲಿರಬೇಕು ಎಂಬುದೇ. ಚಾಂದಬೀ ನನ್ನಂಥ ದಡ್ಡನಿಗೂ ತಿಳಿಯುವ ಹಾಗೆ ಹೇಳುತ್ತಾರೆ.

"ಹಿಂದಿಂದು ಅಂದ್ರ ನಮ್ಮ ನಿಮ್ಮ ಸೈಕಲ್ ಇದ್ದಂಗ. ತುಳಿಯೋದು ನಿಲ್ಸಿದ್ರ ಚೈನೂ ನಿಲ್ತೈತಿ, ಗಾಲಿ ಒಂದ ಓಡ್ತೈತಿ. ಮುಂದಿಂದು ಅಂದ್ರ ಫ್ರೀವೀಲ್ ಪೆಡಲ್ ಹತ್ರ ಇರ್ತೈತಿ. ಗಾಲಿ ತಿರುಗೋತನಕ ಚೈನೂ ತಿರುಗ್ತಾನ ಇರ್ತೈತಿ. ಲೇಸು, ಪ್ಯಾಂಟು, ಬೆರಳು, ಏನು ಸಿಕ್ರೂ ಒಳಗ ಎಳಕೊಂತೈತಿ."

ಹಾಗಾದರೆ ಅಂಥದ್ದು ಯಾರಿಗೆ ಬೇಕು?

"ಹಿಂದಿನ ಗಾಲಿ ನಡುವ ಸಾಮಾನು ಇರಂಗಿಲ್ಲ ನೋಡ್ರಿ, ಹಗುರ ಆಗ್ತೈತಿ. ಮುಂದ ಹಲ್ಲು ಜಾಸ್ತಿ ಇರೋದನ್ನ ಕೂರಿಸ್ಬಹುದು. ಕಾಲು ಒತ್ತಿದ ಕೂಡ್ಲೇ ಹಿಡಿತೈತಿ."

ಹಾಗಾದರೆ ಮುಂದಿನದೇ ಒಳ್ಳೆಯದೋ ಎಂದರೆ ಚಾಂದಬೀ ಪಾನಾ ಹುಡುಕತೊಡಗುತ್ತಾರೆ. "ಅಕ್ಕನ್ನ ಕೇಳಿದ್ರ ಎರಡೂ ಚಲೋ ಅಂತಾಳ. ಮತ್ತೊಂದ್ಸಲ ಕೇಳಿದ್ರ ಎರಡರಾಗೂ ತೊಂದ್ರಿ ಐತಿ ಅಂತಾಳ. ಎಂಟು ತಿಂಗಳಾತು, ಇದ ಕತಿ" ಎಂದು ಪಕ್ಕದ ಬಂಡೆಗೆ ಒರಗಿ ನಿಂತ ಹುಲುಗೇಶ್ ರೇಗಿಸುತ್ತಾರೆ. ಬಳ್ಳಾರಿಯಲ್ಲಿ ನಡೆಯುವ ಟ್ರಯಲ್ಸ್ ಸ್ಪರ್ಧೆಗೆ ಇನ್ನು ಮೂರೇ ವಾರ. ತಂಡದಿಂದ ಹೋಗುತ್ತಿರುವುದು ಹತ್ತೊಂಬತ್ತರ ಅಕ್ಷತಾ ಒಬ್ಬಳೇ. ಯಾವ ಫ್ರೀವೀಲ್ ಎಂಬುದು ಇವತ್ತೇ ತೀರ್ಮಾನವಾಗಬೇಕು, ಯಾಕೆಂದರೆ ಕಾಲಿಗೆ ಅದು ಒಗ್ಗಲು ಅಷ್ಟು ದಿನವಾದರೂ ಬೇಕು.

ಎಂಟು ತಿಂಗಳ ಹಿಂದೆ ಏನಾಯಿತೆಂದು ಚಾಂದಬೀ ಮುಚ್ಚಿಡುವುದಿಲ್ಲ. ಸಿರುಗುಪ್ಪದ ಬಳಿಯ ದೇಶನೂರಿನ ಕಡೆಯ ಭತ್ತದ ರೈತರ ಸೈಕಲ್ಲುಗಳು ವರ್ಷದಲ್ಲಿ ಮುಕ್ಕಾಲು ಭಾಗ ಗದ್ದೆಯ ಕೆಸರಲ್ಲೇ ಇರುತ್ತವೆ. ನೀರು ಒಳಗಿಳಿಯದಿರಲೆಂದು ಸಲಾವುದ್ದೀನ್ ಅವುಗಳ ಫ್ರೀವೀಲಿಗೆ ಟ್ರ್ಯಾಕ್ಟರಿನ ದಪ್ಪ ಗ್ರೀಸು ಮೆತ್ತುತ್ತಿದ್ದರು. ಮಗಳ ಕೈಗೂ ಅದೇ ರೂಢಿ. ಚಾಂದಬೀ ಅಕ್ಷತಾಳ ಸೈಕಲ್ಲಿಗೂ ಅಷ್ಟೇ ಪ್ರೀತಿಯಿಂದ ಮೆತ್ತಿದರು. ಗ್ರೀಸಿಗೆ ಅಂಟಿಕೊಂಡ ಕೊಕ್ಕೆ ಏಳುವುದು ಅರೆಗಳಿಗೆ ತಡವಾದರೆ ಭತ್ತದ ಚೀಲ ಹೊತ್ತ ಸೈಕಲ್ಲಿಗೆ ಏನೂ ಆಗುವುದಿಲ್ಲ. ಸೊಂಟದೆತ್ತರದ ಬಂಡೆಯ ಅಂಚಿನಲ್ಲಿ ಪೆಡಲ್ ಒತ್ತಿದವಳಿಗೆ ಆಗುತ್ತದೆ. ಹಿಡಿಯಬೇಕಾದ ಪೆಡಲ್ ಜಾರಿತು. ಅಕ್ಷತಾ ಕೆಳಗೆ ಬಿದ್ದಳು, ಮಣಿಕಟ್ಟು ಮುರಿಯಿತು, ಆರು ವಾರ ಪ್ಲಾಸ್ಟರ್.

"ಪಾರ್ಟ ಕೆಟ್ಟದ್ದು ಅಂತ ಎಲ್ಲಾರೂ ಅನ್ನಾಕತ್ತಿದ್ರು. ನಾನು ಬಿಚ್ಚಿ ನೋಡಿದೆ. ಪಾರ್ಟ ಚಲೋನ ಇತ್ತು. ಗ್ರೀಸಿನಾಗ ಎರಡು ಕುತ್ತಾ ಮಲಗಿದ್ವು. ಎರಡು ದಿನ ಸುಮ್ನಿದ್ದೆ ಸರ, ಸುಳ್ಳ್ಯಾಕ ಹೇಳ್ಲಿ. ಮೂರನೇ ದಿನ ಅಂಗಡಿ ಬಾಗ್ಲಾ ಹಾಕಿ ಎದ್ದೆ."

ಆ ದಿನವೇ ಅಕ್ಷತಾಳ ಮನೆಗೆ ಹೋಗಿ, ತಪ್ಪು ನನ್ನದು ಎಂದರು. ಬಾಗಿಲಲ್ಲಿ ನಿಂತು ಕೇಳಿಸಿಕೊಂಡವರು ತಾಯಿ ಕೊಟ್ರಬಸಮ್ಮ. ಅವರು ಇವತ್ತೂ ಟಿಫಿನ್ ಡಬ್ಬಿ ಹಿಡಿದು ಬಂಡೆಯ ಕೆಳಗೆ ನಿಂತಿದ್ದಾರೆ. ಅಂದು ಏನಂದಿರಿ ಎಂದು ಕೇಳಿದೆ.

"ಬೈದೆ. ಚಲೋತ್ನಂಗ ಬೈದೆ. ಬೈಲಿಲ್ಲಂದ್ರ ಆಕಿಗೂ ಸಮಾಧಾನ ಆಗ್ತಿರ್ಲಿಲ್ಲ ಬಿಡ್ರಿ" ಎಂದರು ಕೊಟ್ರಬಸಮ್ಮ. ನನಗೆ ಈ ಇಬ್ಬರು ಹೆಂಗಸರ ಮೇಲೂ ಗೌರವ ಹುಟ್ಟಿದ್ದು ಆ ಮಾತಿಗೆ.

ಪ್ಲಾಸ್ಟರ್ ಬಿಚ್ಚಿದ ಮೇಲೆ ಅಕ್ಷತಾ ಸೈಕಲ್ಲನ್ನು ಮತ್ತೆ ಚಾಂದಬೀ ಅಂಗಡಿಗೇ ತಂದಳು. ಈಗ ಫ್ರೀವೀಲಿಗೆ ಹೊಲಿಗೆ ಯಂತ್ರದ ಎಣ್ಣೆ ಎರಡೇ ಹನಿ. ಕೈ ಸುಧಾರಿಸಿತು, ಬಾಯಿ ಮಾತ್ರ ಕಟ್ಟಿಹೋಯಿತು. ಅಂದಿನಿಂದ ಯಾರಿಗೂ ಇದೇ ಹಾಕಿಸಿಕೋ ಎಂದು ಹೇಳಿಲ್ಲ. ತಾವು ಹೇಳಿದ್ದನ್ನು ನಂಬಿ ಇನ್ನೊಬ್ಬರು ಬಿದ್ದರೆ ಎಂಬ ಭಯ. ಅದನ್ನು ನನ್ನೆದುರು ನೇರವಾಗಿ ಒಪ್ಪಿಕೊಂಡು, ಮರುಗಳಿಗೆಗೆ ಮತ್ತೆ ಪಾನಾ ಹುಡುಕಿದರು. ಪಾನಾ ಅವರ ಕೈಯಲ್ಲೇ ಇತ್ತು.

ಕಳೆದ ಭಾನುವಾರ ಅಕ್ಷತಾ ಹಿಂದಿನ ಗಾಲಿಯ ಫ್ರೀವೀಲಿನಲ್ಲಿ ಹಾರಿ ನೋಡಿದ್ದಾಳೆ. ಅದು ಒಂದು ಸುತ್ತಿಗೆ ಮೂವತ್ತಾರು ಕಡೆ ಹಿಡಿಯುತ್ತದೆ. ಇವತ್ತು ಮುಂದಿನದು, ಹುಲುಗೇಶ್ ತರಿಸಿಕೊಟ್ಟಿದ್ದು, ಎಪ್ಪತ್ತೆರಡು ಕಡೆ, ಅಂದರೆ ಇನ್ನೂ ಬೇಗ ಹಿಡಿಯುತ್ತದೆ. ಬಂಡೆ ಮಾತ್ರ ಎಂಟು ತಿಂಗಳ ಹಿಂದೆ ಅವಳು ಬಿದ್ದ ಬಂಡೆಯೇ. ಅಕ್ಷತಾ ಅದರ ಮುಂದೆ ಎರಡೂ ಬ್ರೇಕ್ ಹಿಡಿದು ನಿಲ್ಲುತ್ತಾಳೆ. ಕೊಟ್ರಬಸಮ್ಮ ಡಬ್ಬಿಯನ್ನು ಎದೆಗವಚಿಕೊಳ್ಳುತ್ತಾರೆ. ಎಲ್ಲರೂ ಹುಡುಗಿಯನ್ನು ನೋಡಿದರೆ ಚಾಂದಬೀ ಅವಳ ಬಲಗಾಲನ್ನಷ್ಟೇ ನೋಡುತ್ತಾರೆ. ಸೈಕಲ್ ಮೇಲೆದ್ದು ಬಂಡೆಯ ನೆತ್ತಿಯಲ್ಲಿ ಕೂರುತ್ತದೆ. ಇನ್ನೊಮ್ಮೆ. ಮತ್ತೊಮ್ಮೆ.

"ನೋಡಿದ್ರ್ಯಾ? ಹ್ವಾದ ವಾರ ಆಕಿ ಕಾಲು ಹಾರೋಕಿಂತ ಮೊದಲು ಒಂದ್ಸಲ ತಡವರಿಸ್ತಿತ್ತು. ಹಿಡಿತೈತೋ ಇಲ್ಲೋ ಅಂತ. ಇವತ್ತು ಇಲ್ಲ" ಎಂದು ಚಾಂದಬೀ ನನ್ನ ಕಿವಿಯಲ್ಲಿ ಹೇಳುತ್ತಾರೆ. ನನಗೇನೂ ಕಂಡಿರಲಿಲ್ಲ. ತಲೆಯಾಡಿಸಿದೆ.

ಅಕ್ಷತಾ ಬೆವರೊರೆಸಿಕೊಳ್ಳುತ್ತ ಇಳಿದು ಬರುತ್ತಾಳೆ. "ಅತ್ತಿ, ಯಾವ್ದು ಇರ್ಲಿ?"

"ನೋಡವ್ವಾ, ಹಿಂದಿಂದು ಅಂದ್ರ..."

"ಅದೆಲ್ಲ ನನಗೂ ಗೊತ್ತೈತ್ರಿ. ನಿಮ್ಮ ಮನಸಿನಾಗ ಏನೈತಿ, ಅದನ್ನ ಹೇಳ್ರಿ. ನೀವು ಹೇಳಿದ್ದನ್ನ ಹಾಕಿಸ್ಕೊಂತೀನಿ."

ಚಾಂದಬೀ ಕೊಟ್ರಬಸಮ್ಮನವರ ಕಡೆ ನೋಡುತ್ತಾರೆ. ಕೊಟ್ರಬಸಮ್ಮ ಡಬ್ಬಿಯ ಮುಚ್ಚಳ ತೆಗೆಯುತ್ತಾರೆ. "ಆಕಿ ಕೇಳಾಕತ್ತಿದ್ದು ನಿನ್ನ. ನನ್ನ ಮಾರಿ ಏನ್ ನೋಡ್ತಿ?"

ಚಾಂದಬೀ ಕೆಳಗೆ ಕೂರುತ್ತಾರೆ. ಅಕ್ಷತಾಳ ಶೂ ಲೇಸಿನ ತುದಿಗಳನ್ನು ಒಳಗೆ ತುರುಕುತ್ತಾರೆ. ಹುಲುಗೇಶ್ ದಪ್ಪ ಜೀನ್ಸಿನಲ್ಲಿ ಹೊಲಿದುಕೊಟ್ಟ ಪಟ್ಟಿಯನ್ನು ಅವಳ ಪ್ಯಾಂಟಿನ ಕಾಲಿಗೆ ಬಿಗಿಯಾಗಿ ಸುತ್ತುತ್ತಾರೆ. ಎದ್ದು ನಿಂತಾಗ ಅವರ ದನಿ ಗಟ್ಟಿಯಾಗಿದೆ.

"ಮುಂದಿಂದು ಇರ್ಲಿ. ಇದನ್ನ ಯಾರು ಹೇಳಿದ್ರು ಅಂತ ಬಳ್ಳಾರ್ಯಾಗ ಯಾರರ ಕೇಳಿದ್ರ, ನನ್ನ ಹೆಸರು ಹೇಳು."