ಅತ್ತೆಯ ಎದುರಿಗೇ ಡಾಕ್ಟರು ಕೇಳಿದ್ದು

ಗೆಳೆಯರೇ, ಇವತ್ತು ನನ್ನ ಮೈಗ್ರೇನ್ ತೋರಿಸಲು ಹಲಸೂರಿನ ಡಾಕ್ಟರ ಬಳಿ ಹೋಗಿದ್ದೆ. ಅತ್ತೆಯೂ ಜೊತೆಗೆ ಬಂದಿದ್ದರು.

"ಡ್ರಿಂಕ್ಸ್ ತಗೋತೀರಾಮ್ಮ?" ಎಂದು ಡಾಕ್ಟರು ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ಅತ್ತೆ, "ಅಯ್ಯೋ, ನಮ್ಮನೇಲಿ ಯಾರೂ ಮುಟ್ಟಲ್ಲ ಡಾಕ್ಟ್ರೇ" ಎಂದರು.

ತಲೆ ಸಿಡಿಯುತ್ತಿತ್ತು. ಸುಳ್ಳು ಹೇಳಿ ಇನ್ನೆಷ್ಟು ದಿನ ನರಳುವುದು ಅನ್ನಿಸಿತು. "ಆಫೀಸ್ ಪಾರ್ಟೀಲಿ ರೆಡ್ ವೈನ್ ತಗೋತೀನಿ. ಅವತ್ತೇ ನೋವು ಶುರುವಾಗುತ್ತೆ" ಎಂದೆ.

"ಕೆಲವರಿಗೆ ಒಂದು ಗ್ಲಾಸೇ ಸಾಕು. ಮೊದಲು ಅದನ್ನ ಬಿಟ್ಟು ನೋಡಿ" ಎಂದರು ಡಾಕ್ಟರು.

ಆಟೋ ಮನೆ ಹತ್ತಿರ ಬಂದಾಗ ಅತ್ತೆ, "ಮೊದಲೇ ಹೇಳ್ಬಾರದಿತ್ತೇನೇ? ಪಕ್ಕದ್ಮನೆಯವಳ ಕಣ್ಣು ಬಿದ್ದಿದೆ ಅಂತ ಪ್ರತಿ ಸಲಾನೂ ದೃಷ್ಟಿ ತೆಗೀತಿದ್ನಲ್ಲೇ!" ಎಂದರು.

ಅಂತೂ ಪಕ್ಕದ ಮನೆಯವರು ಇವತ್ತು ಖುಲಾಸೆಯಾದರು. ಪಾಪ, ಅವರಿಗೆ ಕೇಸು ನಡೆಯುತ್ತಿದ್ದದ್ದೇ ಗೊತ್ತಿಲ್ಲ.