ತೊಳೆಯದ ಬಿಲ್ಲೆ

ಗಂಗಾನಗರದಲ್ಲಿ ಹಳೇ ನಾಣ್ಯಗಳಿಗೆ ಬೆಲೆ ಕಟ್ಟುತ್ತಿದ್ದ ಹಿರಿಯರೊಬ್ಬರು ಮೊದಲು ನಾಣ್ಯವನ್ನು ಮೂಸಿ ನೋಡುತ್ತಿದ್ದರು. ಆಮೇಲೆ ಭೂತಗನ್ನಡಿ. ಆಮೇಲೆ ಆ ಒಂದೇ ಮಾತು: "ಇರೋದನ್ನ ಹೇಳ್ತೀನಿ, ಬೇಜಾರ್ ಮಾಡ್ಕೋಬೇಡಿ."

ಅಪ್ಪ ತೀರಿಕೊಂಡ ಮೇಲೆ, ಅಪ್ಪ ನಾಣ್ಯ ಕೂಡಿಟ್ಟಿದ್ದ ಬಿಸ್ಕತ್ ಡಬ್ಬಿಯನ್ನು ಆ ಹಿರಿಯರ ಮೇಜಿನ ಮೇಲೆ ಸುರಿದೆ. ಬೆಳ್ಳಿ ರೂಪಾಯಿ, ತೂತಿನ ಕಾಸು, ಕಾಲಾಣೆ ಎಲ್ಲಾ ಫಳಫಳ ಹೊಳೆಯುತ್ತಿದ್ದವು. ಅವರು ಒಂದನ್ನು ಮೂಸಿ, "ಹುಣಸೆಹಣ್ಣು" ಎಂದರು.

"ಪ್ರತಿ ವರ್ಷ ವರಮಹಾಲಕ್ಷ್ಮಿ ಹಬ್ಬಕ್ಕೆ ಅಮ್ಮ ತಿಕ್ಕಿ ತೊಳೀತಾರೆ ಸರ್."

"ಅಚ್ಚೆಲ್ಲಾ ಸವೆದ್ಹೋಗಿದೆ. ಲೋಹದ ಬೆಲೆ ಅಷ್ಟೇ ಸಿಗೋದು."

ಕೊನೆಗೆ ಉಳಿದದ್ದು ಕಪ್ಪಗಾದ ಒಂದು ಹಿತ್ತಾಳೆ ಬಿಲ್ಲೆ. ಜಾಲಹಳ್ಳಿಯ ಫ್ಯಾಕ್ಟರಿಯಲ್ಲಿ ಅಪ್ಪ ಊಟಕ್ಕೆ ಕೊಡುತ್ತಿದ್ದ ಕ್ಯಾಂಟೀನ್ ಟೋಕನ್. ಅದು ದುಡ್ಡಲ್ಲ, ಲಕ್ಷ್ಮಿಯಲ್ಲ ಅಂತ ಅಮ್ಮ ಎಂದೂ ತೊಳೆದಿರಲಿಲ್ಲ.

ಆ ಹಿರಿಯರಿಗೆ ದಿನಾ ಗಿರಾಕಿ ಕರೆತರುವ ವ್ಯಾಪಾರಿಯೊಬ್ಬ ಪಕ್ಕದಲ್ಲೇ ಕೂತಿದ್ದ. "ಎಲ್ಲಾ ಸೇರಿಸಿ ತೂಕಕ್ಕೆ ಹಾಕಿ ಸರ್, ನಾನೇ ತಗೋತೀನಿ" ಎಂದ.

ಅವರು ಬಿಲ್ಲೆಯನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡರು. "ಇದು ತೂಕಕ್ಕಿಲ್ಲ. ಈ ಡಬ್ಬೀಲಿ ಪೂರ್ತಿಯಾಗಿ ಉಳ್ಕೊಂಡಿರೋದು ಇದೊಂದೇ. ಬೇಕಾದ್ರೆ ನಾಳೆಯಿಂದ ನೀನು ಗಿರಾಕಿ ತರಬೇಡ."

ವ್ಯಾಪಾರಿ ಎದ್ದು ಹೋದ. ಅವರು ತಲೆ ಎತ್ತಲೂ ಇಲ್ಲ. ಉಳಿದ ನಾಣ್ಯಗಳನ್ನು ಡಬ್ಬಿಗೆ ತುಂಬಿ, ಬಿಲ್ಲೆಯನ್ನು ಕಾಗದದಲ್ಲಿ ಸುತ್ತಿ ನನ್ನ ಕೈಗಿಟ್ಟರು.

ಅಪ್ಪನ ವರ್ಷದ ಕಾರ್ಯ ಮುಗಿದ ಮೇಲೆ ಬಂದ ಹಬ್ಬಕ್ಕೆ ಅಮ್ಮ ನಾಣ್ಯ ತೊಳೆಯಲು ಹುಣಸೆಹಣ್ಣು ನೆನೆಸಿಟ್ಟರು. ನಾನು ಬಿಲ್ಲೆಯನ್ನು ಕಪ್ಪಗಿದ್ದ ಹಾಗೇ ಒಯ್ದು ಲಕ್ಷ್ಮಿಯ ಮುಂದಿಟ್ಟೆ.

"ತೊಳ್ದು ಇಡೇ ಅದನ್ನ" ಎಂದರು ಅಮ್ಮ.

"ಬೇಜಾರ್ ಮಾಡ್ಕೋಬೇಡಮ್ಮ," ಎಂದೆ, "ತೊಳ್ಯಲ್ಲ."